ಬೇಸಿಗೆ ಪಾನೀಯ: ಎಲ್ಲವನ್ನೂ ಮೊದಲೇ ಬೆರೆಸಿಡಬೇಡಿ

ಪ್ರಶ್ನೆ: ಬೇಸಿಗೆಯಲ್ಲಿ ಮನೆಯಲ್ಲೇ ನಿಂಬೆ ಶರಬತ್ತು, ಕಲ್ಲಂಗಡಿ ರಸ, ಪುದೀನ ಹಾಕಿದ ಪಾನೀಯಗಳನ್ನು ಮಾಡುತ್ತೇನೆ. ಮಾಡಿದ ತಕ್ಷಣ ರುಚಿಯಾಗಿಯೇ ಇರುತ್ತವೆ. ಆದರೆ ಐಸ್ ಹಾಕಿದ ಸ್ವಲ್ಪ ಹೊತ್ತಿಗೆ ನೀರುನೀರಾಗುತ್ತವೆ, ಫ್ರಿಜ್ಜಿನಲ್ಲಿಟ್ಟರೆ ಮರುದಿನ ಕಹಿಯಾಗುತ್ತವೆ, ಪುದೀನ ಕಪ್ಪಾಗುತ್ತದೆ. ಮಕ್ಕಳು ಅಂಗಡಿಯ ಬಾಟಲಿ ಪಾನೀಯವೇ ಬೇಕೆಂದು ಹಟ ಹಿಡಿಯುತ್ತಾರೆ. ಅತ್ತೆಯವರಿಗೆ ಸಕ್ಕರೆ ಕಾಯಿಲೆ ಇದೆ. ಒಮ್ಮೆ ಸಿದ್ಧಪಡಿಸಿ ಎರಡು ಮೂರು ದಿನ ಬಳಸಬಹುದಾದ, ಸಕ್ಕರೆ ಕಡಿಮೆಯಿರುವ, ನಿಜವಾಗಿಯೂ ದಣಿವಾರಿಸುವ ಪಾನೀಯಗಳನ್ನು ಮಾಡುವ ಕ್ರಮವನ್ನು ತಿಳಿಸಿ. ಬೆವರು ಹೆಚ್ಚಿರುವ ದಿನಗಳಲ್ಲಿ ಉಪ್ಪು ಸೇರಿಸಬೇಕೆ?

ಉತ್ತರ: ನೀವು ಹೇಳಿರುವ ತೊಂದರೆಗಳು ಮೇಲುನೋಟಕ್ಕೆ ಬೇರೆ ಬೇರೆಯಾಗಿ ಕಂಡರೂ ಅವುಗಳಲ್ಲಿ ಹೆಚ್ಚಿನವುಗಳ ಮೂಲ ಒಂದೇ. ಕುಡಿಯುವ ಹೊತ್ತಿಗೆ ಕೂಡಬೇಕಾದ ಪದಾರ್ಥಗಳನ್ನು ನಾವು ಗಂಟೆಗಟ್ಟಲೆ ಮೊದಲೇ ಕೂಡಿಸಿಡುತ್ತೇವೆ. ಸಿಹಿ, ಹುಳಿ, ಪರಿಮಳ, ನೀರು ಮತ್ತು ತಂಪು ಎಂಬ ಐದೂ ಬೇರೆ ಬೇರೆಯಾಗಿರುವಾಗ ಚೆನ್ನಾಗಿ ಉಳಿಯುತ್ತವೆ. ಒಂದೇ ಜಗ್ಗಿನಲ್ಲಿ ಸೇರಿದ ಕೂಡಲೇ ಒಂದು ಇನ್ನೊಂದನ್ನು ಕೆಡಿಸಲು ತೊಡಗುತ್ತವೆ. ಆದ್ದರಿಂದ ಎರಡು ಮೂರು ದಿನ ಇಟ್ಟುಕೊಳ್ಳಬೇಕಾದದ್ದು ಪಾನೀಯವನ್ನಲ್ಲ, ಅದರ ಭಾಗಗಳನ್ನು. ಭಾಗಗಳು ಸಿದ್ಧವಿದ್ದರೆ ಒಂದು ಲೋಟ ಬೆರೆಸುವುದು ಒಂದು ನಿಮಿಷದ ಕೆಲಸ.

ಮೊದಲು ಸಿಹಿಯ ವಿಚಾರ. ತಣ್ಣೀರಿಗೆ ಸಕ್ಕರೆಯ ಹರಳನ್ನು ಸುರಿದು ಕದಡಿದಾಗ ಅದು ಕರಗದೆ ತಳದಲ್ಲಿ ಉಳಿಯುವುದನ್ನು ಕಂಡು ಇನ್ನೂ ಎರಡು ಚಮಚ ಸೇರಿಸುವವರು ಬಹಳ ಮಂದಿ. ವಾಸ್ತವದಲ್ಲಿ ತಣ್ಣೀರಿಗೆ ಸಕ್ಕರೆಯನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಗೇನೂ ಕೊರತೆಯಿಲ್ಲ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ 100 ಗ್ರಾಂ ನೀರು ಸುಮಾರು 180 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳಬಲ್ಲದು. ಕಡಿಮೆಯಾಗುವುದು ಕರಗುವ ವೇಗ ಮಾತ್ರ. ಪಾಕ ಮಾಡಿಟ್ಟುಕೊಂಡರೆ ಈ ತೊಡಕೇ ಇರುವುದಿಲ್ಲ. 500 ಗ್ರಾಂ ಸಕ್ಕರೆಗೆ 500 ಗ್ರಾಂ ನೀರು ಸೇರಿಸಿ, ಸಕ್ಕರೆ ಪೂರ್ತಿ ಕರಗಿ ಒಂದು ಕುದಿ ಬಂದ ಕೂಡಲೇ ಇಳಿಸಿ. ಎಳೆ ಬರುವವರೆಗೆ ಕಾಯಿಸುವ ಅಗತ್ಯವಿಲ್ಲ. ಆರಿದ ಮೇಲೆ ಕುದಿಯುವ ನೀರಿನಲ್ಲಿ ತೊಳೆದು ಒಣಗಿಸಿದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟರೆ ಎರಡು ವಾರ ನಿಶ್ಚಿಂತೆಯಾಗಿ ಬಳಸಬಹುದು. ಈ ಪಾಕದ 15 ಮಿಲಿಲೀಟರಿನಲ್ಲಿ, ಅಂದರೆ ಅಳತೆಯ ಒಂದು ದೊಡ್ಡ ಚಮಚದಲ್ಲಿ, ಸುಮಾರು 9 ಗ್ರಾಂ ಸಕ್ಕರೆ ಇರುತ್ತದೆ. ಎಷ್ಟು ಸಕ್ಕರೆ ಹೊಟ್ಟೆಗೆ ಹೋಗುತ್ತಿದೆ ಎಂಬ ಲೆಕ್ಕ ಸಿಗುವುದು ಪಾಕದ ದೊಡ್ಡ ಅನುಕೂಲ. ಕಣ್ಣಳತೆಯಲ್ಲಿ ಸುರಿಯುವ ಹರಳಿನಿಂದ ಅದು ಸಿಗುವುದಿಲ್ಲ.

ಪರಿಮಳದ ವಿಷಯದಲ್ಲಿ ನಿಂಬೆಯ ಸಿಪ್ಪೆಯನ್ನು ಕಸದ ಬುಟ್ಟಿಗೆ ಹಾಕುವುದು ನನ್ನ ದೃಷ್ಟಿಯಲ್ಲಿ ದೊಡ್ಡ ನಷ್ಟ. ನಿಂಬೆ, ಕಿತ್ತಳೆಗಳ ರಸ ಕೊಡುವುದು ಮುಖ್ಯವಾಗಿ ಹುಳಿಯನ್ನು. ಅವುಗಳ ಗುರುತಾದ ಘಮವಿರುವುದು ಸಿಪ್ಪೆಯ ಹೊರಪದರದಲ್ಲಿ ತುಂಬಿಕೊಂಡಿರುವ ಎಣ್ಣೆಯಲ್ಲಿ. ಆ ಎಣ್ಣೆಯ ಹೆಚ್ಚಿನ ಪಾಲು ಲಿಮೋನೀನ್ ಎಂಬ ಅಂಶ. ಹಣ್ಣನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆದು, ಬಿಳಿ ಭಾಗ ತಾಗದಂತೆ ಮೇಲಿನ ಬಣ್ಣದ ಪದರವನ್ನಷ್ಟೇ ತೆಳುವಾಗಿ ತುರಿದು ಅಥವಾ ಹೆರೆದು, ಪಾಕಕ್ಕೆ ಬಳಸಲಿರುವ ಸಕ್ಕರೆಯೊಂದಿಗೆ ಬೆರಳಿನಿಂದ ಚೆನ್ನಾಗಿ ಹಿಸುಕಿ ಒಂದು ಗಂಟೆ ಮುಚ್ಚಿಡಿ. ಸಕ್ಕರೆ ಆ ಎಣ್ಣೆಯನ್ನು ಹೀರಿಕೊಂಡು ಒದ್ದೆಯಾಗಿ, ಘಮಘಮಿಸುತ್ತದೆ. ಇದಕ್ಕೆ ಬಿಸಿನೀರು ಹಾಕಿ ಕರಗಿಸಿ ಸೋಸಿದರೆ ಕುದಿಸದೆಯೇ ಪಾಕ ಸಿದ್ಧವಾಗುತ್ತದೆ, ಪರಿಮಳವೂ ಆವಿಯಾಗಿ ಹಾರಿಹೋಗುವುದಿಲ್ಲ. ಆದರೆ ಇದನ್ನು ಕುದಿಸದೆ ಮಾಡುವುದರಿಂದ ಒಂದು ವಾರದೊಳಗೆ ಮುಗಿಸುವುದು ಒಳ್ಳೆಯದು. ಪಾನೀಯಕ್ಕೆ ಪರಿಮಳ ಹೆಚ್ಚಿದಷ್ಟೂ ಸಕ್ಕರೆ ಕಡಿಮೆ ಸಾಕಾಗುತ್ತದೆ ಎಂಬುದನ್ನು ನೀವೇ ಮಾಡಿ ನೋಡಿ ಕಂಡುಕೊಳ್ಳಬಹುದು.

ಮರುದಿನ ಬರುವ ಕಹಿಗೆ ಕಾರಣ ಲಿಮೋನಿನ್ ಎಂಬ ಇನ್ನೊಂದು ವಸ್ತು. ಹೆಸರು ಹತ್ತಿರವಾದರೂ ಇದು ಘಮದ ಎಣ್ಣೆಯಲ್ಲ. ನಿಂಬೆ ಜಾತಿಯ ಹಣ್ಣುಗಳ ಬೀಜ, ಬಿಳಿ ಸಿಪ್ಪೆ ಮತ್ತು ತೊಳೆಗಳ ಪೊರೆಯಲ್ಲಿ ಇದರ ಪೂರ್ವರೂಪ ಇರುತ್ತದೆ, ಅದಕ್ಕೆ ಕಹಿಯಿಲ್ಲ. ಹಣ್ಣನ್ನು ಹಿಂಡಿದಾಗ ಅದು ಹುಳಿ ರಸದ ಸಂಪರ್ಕಕ್ಕೆ ಬಂದು ನಿಧಾನವಾಗಿ ಕಹಿಯಾದ ಲಿಮೋನಿನ್ ಆಗಿ ಮಾರ್ಪಡುತ್ತದೆ. ಹಿಂಡಿದ ಗಳಿಗೆಯಲ್ಲಿ ಸೊಗಸಾಗಿದ್ದ ರಸ ಕೆಲವು ಗಂಟೆಗಳಲ್ಲಿ ಕಹಿಯಾಗುವುದು ಹೀಗೆ. ಹಾಗಾಗಿ ಇಡೀ ಹಣ್ಣನ್ನು ಮಿಕ್ಸಿಗೆ ಹಾಕುವುದು, ಸಿಪ್ಪೆಯ ಕೊನೆಯ ಹನಿಯವರೆಗೂ ಹಿಂಡುವುದು, ಹಿಂಡಿದ ಹೋಳುಗಳನ್ನು ಜಗ್ಗಿನಲ್ಲೇ ನೆನೆಯಲು ಬಿಡುವುದು, ಈ ಮೂರನ್ನೂ ಬಿಡಬೇಕು. ಹಗುರವಾಗಿ ಹಿಂಡಿ, ಬೀಜ ಒಡೆಯದಂತೆ ಕೂಡಲೇ ಸೋಸಿ, ಆ ರಸವನ್ನು ನೀರು ಬೆರೆಸದೆ ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿಕೊಳ್ಳಿ. ಒಂದೊಂದು ಗುಳಿಯಲ್ಲಿ ಎಷ್ಟು ಮಿಲಿಲೀಟರ್ ಹಿಡಿಸುತ್ತದೆ ಎಂದು ಒಮ್ಮೆ ಅಳೆದಿಟ್ಟುಕೊಂಡರೆ ಮುಂದಿನ ಲೆಕ್ಕ ಸುಲಭ. ರಸವನ್ನು ಬಿಸಿ ಪಾಕಕ್ಕೆ ಸುರಿಯಬೇಡಿ. ತಾಜಾತನ ಹೋಗಿ ಬೇಯಿಸಿದ ವಾಸನೆ ಬರುತ್ತದೆ.

ಐಸ್ ಕರಗಿ ನೀರಾಗುವುದು ತಪ್ಪಿಸಲಾಗದ ಸಂಗತಿಯೆಂದು ಹಲವರು ತಿಳಿದಿರುತ್ತಾರೆ. ಅದು ಲೆಕ್ಕದ ಮಾತು. 30 ಡಿಗ್ರಿಯಲ್ಲಿರುವ 250 ಮಿಲಿಲೀಟರ್ ಪಾನೀಯವನ್ನು ಐಸಿನಿಂದಲೇ 5 ಡಿಗ್ರಿಗೆ ಇಳಿಸಬೇಕಾದರೆ ಸುಮಾರು 65ರಿಂದ 75 ಗ್ರಾಂ ಐಸ್ ಕರಗಲೇಬೇಕು, ಅಂದರೆ ಲೋಟಕ್ಕೆ ಕಾಲು ಪಾಲಿಗಿಂತ ಹೆಚ್ಚು ನೀರು ಸೇರಿದಂತೆ. ಅದೇ ಪಾನೀಯ ಫ್ರಿಜ್ಜಿನಲ್ಲಿದ್ದು ಮೊದಲೇ 10 ಡಿಗ್ರಿಗೆ ತಣಿದಿದ್ದರೆ ಕರಗಬೇಕಾದ ಐಸ್ 15 ಗ್ರಾಂ ಆಸುಪಾಸು ಮಾತ್ರ. ತಂಪು ಮಾಡುವ ಕೆಲಸವನ್ನು ಫ್ರಿಜ್ಜಿಗೆ ಬಿಟ್ಟು, ಆ ತಂಪನ್ನು ಉಳಿಸಿಕೊಳ್ಳುವ ಕೆಲಸವನ್ನಷ್ಟೇ ಐಸಿಗೆ ಕೊಡಬೇಕು. ನೀರು, ಪಾಕ ಎರಡೂ ತಣ್ಣಗಿರಲಿ, ಸಾಧ್ಯವಾದರೆ ಲೋಟವೂ ತಣ್ಣಗಿರಲಿ. ಐಸ್ ತುಂಡುಗಳು ದೊಡ್ಡದಾಗಿದ್ದಷ್ಟೂ ನಿಧಾನವಾಗಿ ಕರಗುತ್ತವೆ. ಪುಡಿ ಮಾಡಿದ ಐಸ್ ನೋಡಲು ಚೆಂದವಾದರೂ ಹೊರಮೈ ಹೆಚ್ಚಾಗುವುದರಿಂದ ಬೇಗ ನೀರಾಗುತ್ತದೆ.

ಇಲ್ಲಿಯೇ ರುಚಿ ನೋಡುವ ಕ್ರಮವನ್ನೂ ಹೇಳಬೇಕು. ಸಿಹಿಯನ್ನು ಗ್ರಹಿಸುವ ನಾಲಿಗೆಯ ಜೀವಕೋಶಗಳಲ್ಲಿರುವ ಟಿಆರ್‌ಪಿಎಂ5 ಎಂಬ ಅಯಾನು ನಾಳ, ಅಂದರೆ ರುಚಿಯ ಸಂಕೇತ ಹೊರಡಲು ನೆರವಾಗುವ ಪ್ರೋಟೀನಿನ ಬಾಗಿಲು, ಬೆಚ್ಚಗಿರುವಾಗ ಚುರುಕಾಗಿಯೂ ತಣ್ಣಗಾದಾಗ ಮಂದವಾಗಿಯೂ ಕೆಲಸ ಮಾಡುತ್ತದೆ. ಕೋಣೆಯ ಉಷ್ಣತೆಯಲ್ಲಿ ಸರಿಯೆನಿಸಿದ ಸಿಹಿ, ತಣ್ಣಗಾದ ಮೇಲೆ ಸಪ್ಪೆಯೆನಿಸುವುದಕ್ಕೆ ಕಾರಣವಿದು. ಆಗ ಎಲ್ಲರೂ ಸಕ್ಕರೆಯನ್ನೇ ಹೆಚ್ಚಿಸುತ್ತಾರೆ. ನಾನು ಸೂಚಿಸುವುದು ಬೇರೆ: ತಣ್ಣಗಿರುವಾಗಲೇ ರುಚಿ ನೋಡಿ, ಸಪ್ಪೆಯೆನಿಸಿದರೆ ಮೊದಲು ಕೆಲವು ಹನಿ ಹುಳಿಯನ್ನೂ ಚಿಟಿಕೆಗಿಂತ ಕಡಿಮೆ ಉಪ್ಪನ್ನೂ ಸೇರಿಸಿ ನೋಡಿ. ನಾಲಿಗೆಗೆ ತಿಳಿಯದಷ್ಟು ಅಲ್ಪ ಉಪ್ಪು ಕಹಿಯನ್ನು ಅಡಗಿಸಿ ಸಿಹಿಯನ್ನು ಮುಂದೆ ತರುತ್ತದೆ. ಆಮೇಲೂ ಸಾಲದಿದ್ದರೆ ಮಾತ್ರ ಪಾಕ.

ಈಗ ಒಂದು ಲೋಟ ನಿಂಬೆ ಪಾನೀಯದ ಅಳತೆಯನ್ನು ಕೊಡುತ್ತೇನೆ. 25 ಮಿಲಿಲೀಟರ್ ನಿಂಬೆ ರಸ, 30 ಮಿಲಿಲೀಟರ್ ಪಾಕ, 150 ಮಿಲಿಲೀಟರ್ ತಣ್ಣೀರು, ಮೂರು ನಾಲ್ಕು ದೊಡ್ಡ ಐಸ್ ತುಂಡುಗಳು. ಸ್ವಲ್ಪ ಐಸ್ ಕರಗಿ 250 ಮಿಲಿಲೀಟರ್ ಆಗುವ ಹೊತ್ತಿಗೆ ಸಕ್ಕರೆಯ ಪ್ರಮಾಣ ನೂರಕ್ಕೆ ಏಳರಷ್ಟಾಗುತ್ತದೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ತಂಪು ಪಾನೀಯಗಳಲ್ಲಿ ಇದು ನೂರಕ್ಕೆ ಹತ್ತು ಹನ್ನೊಂದರಷ್ಟಿರುತ್ತದೆ. ಬಾಯಾರಿಕೆ ತಣಿಸುವುದಕ್ಕೆ ತೆಳುವಾದ ಪಾನೀಯವೇ ಮೇಲು. ಗಟ್ಟಿ ಸಿಹಿಯ ಪಾನೀಯ ಹೊಟ್ಟೆಯಿಂದ ಕರುಳಿಗೆ ಇಳಿಯುವುದೂ ತಡವಾಗುತ್ತದೆ, ಕುಡಿದ ಮೇಲೆ ಬಾಯಿ ಮತ್ತೆ ಒಣಗಿದಂತೆಯೂ ಆಗುತ್ತದೆ. ಮನೆಯವರ ನಾಲಿಗೆ ಒಗ್ಗಿದಂತೆ ವಾರಕ್ಕೊಮ್ಮೆ ಪಾಕವನ್ನು 5 ಮಿಲಿಲೀಟರಿನಷ್ಟು ಇಳಿಸುತ್ತ ಬಂದರೆ ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಪುದೀನ ಕಪ್ಪಾಗುವುದಕ್ಕೆ ಕಾರಣಗಳು ಎರಡು. ಎಲೆಯನ್ನು ಅರೆದಾಗ ಒಡೆದ ಜೀವಕೋಶಗಳಿಂದ ಹೊರಬರುವ ಕಿಣ್ವಗಳು ಗಾಳಿಯೊಡನೆ ಸೇರಿ ಅದನ್ನು ಕಂದು ಮಾಡುತ್ತವೆ. ಜೊತೆಗೆ ನಿಂಬೆಯ ಆಮ್ಲ ಎಲೆಯ ಹಸಿರು ವರ್ಣದ್ರವ್ಯದಲ್ಲಿರುವ ಮೆಗ್ನೀಸಿಯಂ ಅನ್ನು ಕಳಚಿ ಮಂಕು ಹಸಿರಿಗೆ ತಿರುಗಿಸುತ್ತದೆ. ಹೀಗಾಗಿ ಪುದೀನವನ್ನು ಅರೆದು ನಿಂಬೆ ರಸದಲ್ಲಿ ಇಡುವುದೆಂದರೆ ಎರಡು ದಾರಿಯಿಂದಲೂ ಅದನ್ನು ಕೆಡಿಸಿದಂತೆ. ಎಲೆಗಳನ್ನು ಅಂಗೈಯಲ್ಲಿಟ್ಟು ಒಮ್ಮೆ ತಟ್ಟಿ, ಕುಡಿಯುವ ಹೊತ್ತಿಗೆ ಲೋಟಕ್ಕೆ ಹಾಕಿದರೆ ಸಾಕು. ಮೆಂಥಾಲ್ ಹೆಚ್ಚಾಗಿರುವ ತಳಿಯ ಪುದೀನವಾದರೆ ಅದು ಬಾಯಿಯ ತಂಪು ಗ್ರಹಿಸುವ ನರಗಳನ್ನೇ ನೇರವಾಗಿ ಕೆಣಕುವುದರಿಂದ ಪಾನೀಯ ಇರುವುದಕ್ಕಿಂತಲೂ ತಣ್ಣಗಿದೆ ಎನಿಸುತ್ತದೆ. ದೇಹದ ಉಷ್ಣತೆಯೇನೂ ಅದರಿಂದ ಇಳಿಯುವುದಿಲ್ಲವೆಂಬುದು ನೆನಪಿರಲಿ.

ಕಲ್ಲಂಗಡಿಯ ಕಥೆ ನಿಂಬೆಯದಕ್ಕೆ ತೀರ ವಿರುದ್ಧವಾದುದು. ಅದರಲ್ಲಿ ನೂರಕ್ಕೆ 92ರಷ್ಟು ನೀರು, ಸುಮಾರು ಆರರಷ್ಟು ಸಕ್ಕರೆ ಸಹಜವಾಗಿಯೇ ಇರುವುದರಿಂದ ನೀರಾಗಲಿ ಸಕ್ಕರೆಯಾಗಲಿ ಸೇರಿಸುವುದು ವ್ಯರ್ಥ. ಇಲ್ಲದಿರುವುದು ಹುಳಿ. ಒಂದು ಲೋಟಕ್ಕೆ ಒಂದು ಚಿಕ್ಕ ಚಮಚ ನಿಂಬೆ ರಸ ಸೇರಿಸಿದರೆ ಮಂದವಾಗಿದ್ದ ರುಚಿಗೆ ಜೀವ ಬರುತ್ತದೆ. ಆದರೆ ಇದೇ ಹುಳಿಯ ಕೊರತೆಯಿಂದಾಗಿ ಕತ್ತರಿಸಿದ ಕಲ್ಲಂಗಡಿಯಲ್ಲಿ ರೋಗಾಣುಗಳು ಸುಲಭವಾಗಿ ಬೆಳೆಯುತ್ತವೆ. ಹೊರಸಿಪ್ಪೆಯ ಮೇಲಿನ ಮಣ್ಣು ಚಾಕುವಿನ ಜೊತೆಗೆ ಒಳಗೆ ಹೋಗುವುದರಿಂದ ಹಣ್ಣನ್ನು ಕತ್ತರಿಸುವ ಮೊದಲೇ ತೊಳೆಯಬೇಕು, ರಸವನ್ನು ಅಂದೇ ಮುಗಿಸಬೇಕು. ಮುಂದೆ ಬೇಕೆಂದರೆ ಹೋಳುಗಳನ್ನು ಬೀಜ ತೆಗೆದು ಫ್ರೀಜರಿನಲ್ಲಿಡಿ. ಅವನ್ನೇ ಐಸಿನ ಬದಲು ಲೋಟಕ್ಕೆ ಹಾಕಿದರೆ ಪಾನೀಯ ತಣ್ಣಗಾಗುತ್ತದೆ, ನೀರಾಗುವುದಿಲ್ಲ. ರಸ ನಿಂತಾಗ ತಿಳಿಯಾದ ಭಾಗ ಬೇರೆ, ತಿರುಳು ಬೇರೆಯಾಗುವುದು ಕೆಟ್ಟಿರುವ ಗುರುತಲ್ಲ, ಕಲಕಿ ಕುಡಿಯಬಹುದು.

ಸೌತೆಕಾಯಿಯ ತೆಳು ಬಿಲ್ಲೆಗಳನ್ನು ತಣ್ಣೀರಿನಲ್ಲಿ ಎರಡು ಮೂರು ಗಂಟೆ ಫ್ರಿಜ್ಜಿನಲ್ಲಿ ನೆನೆಸಿ ತೆಗೆದರೆ ಸಕ್ಕರೆಯಿಲ್ಲದ ಒಳ್ಳೆಯ ಪಾನೀಯವಾಗುತ್ತದೆ. ತೊಟ್ಟಿನ ಕಡೆಯ ತುದಿಯನ್ನು ಕತ್ತರಿಸಿ ಬಿಸಾಡಿ, ಒಂದು ತುಂಡನ್ನು ಬಾಯಿಗೆ ಹಾಕಿ ನೋಡಿ. ವಿಪರೀತ ಕಹಿಯಿರುವ ಸೌತೆಕಾಯಿಯನ್ನು ಬಳಸಲೇಬಾರದು. ಶುಂಠಿಯನ್ನು ತುರಿದು ಹಿಂಡಿದ ರಸವನ್ನು ಹತ್ತು ನಿಮಿಷ ಅಲುಗಿಸದೆ ಇಟ್ಟರೆ ತಳದಲ್ಲಿ ಬಿಳಿ ಪಿಷ್ಟ ಕೂರುತ್ತದೆ; ಮೇಲಿನ ತಿಳಿಯನ್ನು ಬಗ್ಗಿಸಿಕೊಂಡರೆ ಪಾನೀಯ ಕದಡಿದಂತೆ ಕಾಣುವುದಿಲ್ಲ.

ಮೊಸರನ್ನು ನೀರಿನೊಡನೆ ಕಡೆದ ಪಾನೀಯಕ್ಕೆ ಹಣ್ಣು ಬೆರೆಸುವಾಗ ಅನಾನಸ್, ಕಿವಿ, ಪಪ್ಪಾಯಿಗಳ ಬಗ್ಗೆ ಎಚ್ಚರ ಬೇಕು. ಈ ಹಣ್ಣುಗಳಲ್ಲಿರುವ ಕಿಣ್ವಗಳು ಹಾಲಿನ ಪ್ರೋಟೀನನ್ನು ಒಡೆಯುವುದರಿಂದ, ಬೆರೆಸಿಟ್ಟ ಪಾನೀಯ ಸ್ವಲ್ಪ ಹೊತ್ತಿಗೇ ಕಹಿಯಾಗುತ್ತದೆ. ಬೆರೆಸಿದ ಕೂಡಲೇ ಕುಡಿಯಿರಿ, ಇಲ್ಲವೇ ಹಣ್ಣನ್ನು ಮೊದಲು ಬೇಯಿಸಿ ಆರಿಸಿಕೊಳ್ಳಿ. ಕಾವಿಗೆ ಆ ಕಿಣ್ವಗಳು ನಿಷ್ಕ್ರಿಯವಾಗುತ್ತವೆ.

ನಿಮ್ಮ ಪತ್ರದಲ್ಲಿ ಇಲ್ಲದಿದ್ದರೂ ತಣ್ಣನೆಯ ಚಹಾವನ್ನು ಇಲ್ಲಿ ಸೇರಿಸುತ್ತೇನೆ, ಏಕೆಂದರೆ ದೊಡ್ಡವರಿಗೆ ಸಕ್ಕರೆಯಿಲ್ಲದೆಯೂ ರುಚಿಸುವ ಪಾನೀಯಗಳಲ್ಲಿ ಅದಕ್ಕೆ ಸಮನಾದದ್ದು ಕಡಿಮೆ. ಬಿಸಿ ಚಹಾವನ್ನು ತಣಿಸಿದರೆ ಅದರ ಒಗರಿನ ಅಂಶಗಳು ಕೆಫೀನಿನೊಡನೆ ಕೂಡಿಕೊಂಡು ಮಬ್ಬಾಗಿ ಕಾಣುತ್ತವೆ. ಇದರ ಬದಲು ಒಂದು ಲೀಟರ್ ತಣ್ಣೀರಿಗೆ 8ರಿಂದ 10 ಗ್ರಾಂ ಚಹಾ ಎಲೆ ಹಾಕಿ, ಆರರಿಂದ ಎಂಟು ಗಂಟೆ ಫ್ರಿಜ್ಜಿನಲ್ಲಿಟ್ಟು ಸೋಸಿದರೆ ಒಗರು ಕಡಿಮೆಯಾದ, ತಿಳಿಯಾದ ಚಹಾ ಸಿಗುತ್ತದೆ. ಗಾಜಿನ ಜಾಡಿಯನ್ನು ಬಿಸಿಲಿನಲ್ಲಿಟ್ಟು ಚಹಾ ಇಳಿಸುವ ಪದ್ಧತಿಯನ್ನು ಕೆಲವರು ಹೊಗಳುತ್ತಾರೆ. ಬಿಸಿಲಿಗೆ ಬೆಚ್ಚಗಾಗುವ ನೀರು ಸೂಕ್ಷ್ಮಾಣುಗಳನ್ನು ಕೊಲ್ಲುವಷ್ಟು ಕಾಯುವುದಿಲ್ಲ, ಬೆಳೆಸುವಷ್ಟು ಮಾತ್ರ ಕಾಯುತ್ತದೆ. ಹಾಗಾಗಿ ನಾನದನ್ನು ಒಪ್ಪುವುದಿಲ್ಲ.

ಮಕ್ಕಳ ಹಟಕ್ಕೆ ಬರೋಣ. ಬಾಟಲಿ ಪಾನೀಯದಲ್ಲಿ ಅವರನ್ನು ಸೆಳೆಯುವುದರಲ್ಲಿ ಸಿಹಿಗಿರುವಷ್ಟೇ ಪಾಲು ನೊರೆಗುಳ್ಳೆಗಳಿಗೂ ಇದೆ. ಸಾದಾ ಸೋಡಾ ತಂದು ಮನೆಯ ಪಾಕ, ಮನೆಯ ರಸವನ್ನು ಬೆರೆಸಿದರೆ ಅರ್ಧಕ್ಕರ್ಧ ಹಟ ಇಳಿಯುತ್ತದೆ. ಕಾರ್ಬನ್ ಡೈಆಕ್ಸೈಡ್ ತಣ್ಣೀರಿನಲ್ಲಿ ಹೆಚ್ಚು ಕರಗುತ್ತದೆ. ಸೊನ್ನೆ ಡಿಗ್ರಿಯ ನೀರು 20 ಡಿಗ್ರಿಯ ನೀರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಅನಿಲವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಸೋಡಾ ಬಾಟಲಿ ಚೆನ್ನಾಗಿ ತಣಿದಿರಬೇಕು. ಪಾಕ ಮತ್ತು ರಸವನ್ನು ಲೋಟದಲ್ಲಿ ಮೊದಲೇ ಬೆರೆಸಿ, ಲೋಟವನ್ನು ಓರೆಯಾಗಿ ಹಿಡಿದು ಸೋಡಾವನ್ನು ಕಟ್ಟಕಡೆಗೆ ಸುರಿದು, ಚಮಚದಿಂದ ಒಮ್ಮೆ ಮಾತ್ರ ಮೇಲೆತ್ತಿ. ಸೋಡಾಕ್ಕೆ ಸಕ್ಕರೆಯ ಹರಳು ಹಾಕಿದರೆ ಹರಳಿನ ಒರಟು ಮೈಯಲ್ಲಿ ಗುಳ್ಳೆಗಳೆಲ್ಲ ಎದ್ದು ಲೋಟದ ಹೊರಗೆ ಉಕ್ಕಿ, ಒಳಗೆ ಸಪ್ಪೆ ನೀರು ಉಳಿಯುತ್ತದೆ. ಕಪ್ಪು ದ್ರಾಕ್ಷಿಯನ್ನು ಸ್ವಲ್ಪ ನೀರಿನಲ್ಲಿ ಬೇಯಿಸಿ ಸೋಸಿದ ರಸ ಸೇರಿಸಿದರೆ ಬಣ್ಣವೂ ಬರುತ್ತದೆ. ಸೋಡಾದ ಹುಳಿ, ನಿಂಬೆಯ ಹುಳಿ ಎರಡೂ ಹಲ್ಲಿನ ಹೊರಪದರವನ್ನು ಸವೆಸುವುದರಿಂದ ಇದನ್ನು ಇಡೀ ಮಧ್ಯಾಹ್ನ ಗುಟುಕು ಗುಟುಕಾಗಿ ಹೀರುವ ಬದಲು ಊಟದ ಜೊತೆಗೆ ಕುಡಿದು ಮುಗಿಸಲಿ.

ಅತ್ತೆಯವರ ಮಟ್ಟಿಗೆ ಹೇಳುವುದಾದರೆ, ಜೇನುತುಪ್ಪ ಅಥವಾ ಕಂದು ಸಕ್ಕರೆ ಬಳಸಿದರೆ ತೊಂದರೆಯಿಲ್ಲ ಎಂಬ ನಂಬಿಕೆಯನ್ನು ಮೊದಲು ಬಿಡಬೇಕು. ಜೇನಿನಲ್ಲಿರುವ ಸಕ್ಕರೆ, ಹಿಂಡಿ ಸೋಸಿದ ಹಣ್ಣಿನ ರಸದಲ್ಲಿರುವ ಸಕ್ಕರೆ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ ಸೇರಿಸಿದ ಸಕ್ಕರೆಯ ಜೊತೆಗೇ ಎಣಿಸುತ್ತದೆ. ಆರೋಗ್ಯವಂತರಿಗೂ ಇಂತಹ ಸಕ್ಕರೆ ದಿನದ ಶಕ್ತಿಯ ನೂರಕ್ಕೆ ಹತ್ತನ್ನು ಮೀರಬಾರದು, ಐದಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂದು 2015ರ ಅದರ ಮಾರ್ಗಸೂಚಿ ಹೇಳುತ್ತದೆ. ಈ ಐದು ಎಂಬುದು ವಯಸ್ಕರಿಗೆ ದಿನಕ್ಕೆ ಸುಮಾರು 25 ಗ್ರಾಂ. ಮೇಲೆ ಹೇಳಿದ ಒಂದು ಲೋಟ ನಿಂಬೆ ಪಾನೀಯದಲ್ಲೇ 18 ಗ್ರಾಂ ಇದೆ. ಅವರಿಗೆ ಪಾಕವಿಲ್ಲದ ನಿಂಬೆ ನೀರು, ಸೌತೆಕಾಯಿ ಪುದೀನದ ನೀರು, ತಣ್ಣನೆಯ ಚಹಾ, ತೆಳುವಾಗಿ ಕಡೆದ ಮೊಸರು ಸೂಕ್ತ. ಹಣ್ಣು ಬೇಕೆನಿಸಿದರೆ ರಸಕ್ಕಿಂತ ನಾರಿನ ಸಮೇತ ಹಣ್ಣಿನ ಒಂದೆರಡು ಹೋಳುಗಳೇ ಮೇಲು, ಅದರ ಪ್ರಮಾಣವನ್ನು ವೈದ್ಯರ ಸಲಹೆಯಂತೆ ನಿಗದಿಮಾಡಿಕೊಳ್ಳಿ. ಭಾಗಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳುವುದರಿಂದ ಒಂದೇ ಮನೆಯಲ್ಲಿ ಒಬ್ಬೊಬ್ಬರ ಲೋಟಕ್ಕೆ ಒಂದೊಂದು ಪ್ರಮಾಣದಲ್ಲಿ ಪಾಕ ಹಾಕಬಹುದು ಎಂಬುದು ನಿಮಗೆ ಆಗುವ ಇನ್ನೊಂದು ಅನುಕೂಲ. ಮನೆಯಲ್ಲಿ ಒಂದು ವರ್ಷ ತುಂಬದ ಕೂಸಿದ್ದರೆ ಅದಕ್ಕೆ ಜೇನುತುಪ್ಪವನ್ನು ಯಾವ ರೂಪದಲ್ಲಿಯೂ ಕೊಡಬಾರದು. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಗಳು ಎಳೆಯ ಕರುಳಿನಲ್ಲಿ ಬೆಳೆಯಬಲ್ಲವು.

ನೀರು ಶುದ್ಧವಾಗಿರಬೇಕೆಂದು ಎಲ್ಲರಿಗೂ ಗೊತ್ತು, ಐಸಿನ ವಿಷಯದಲ್ಲಿ ಮಾತ್ರ ಮರೆಯುತ್ತಾರೆ. ಹೆಪ್ಪುಗಟ್ಟಿದ ಮಾತ್ರಕ್ಕೆ ರೋಗಾಣುಗಳು ಸಾಯುವುದಿಲ್ಲ, ಐಸ್ ಕರಗಿದಾಗ ಮತ್ತೆ ಚೇತರಿಸಿಕೊಳ್ಳುತ್ತವೆ. ನೀರಿನ ಬಗ್ಗೆ ಅನುಮಾನವಿದ್ದರೆ ಒಂದು ನಿಮಿಷ ಕೊತಕೊತ ಕುದಿಸಿ ಆರಿಸಿದ ನೀರಿನಿಂದಲೇ ಐಸ್ ಮಾಡಿ. ಬೆರೆಸಿದ ಹಣ್ಣಿನ ಅಥವಾ ಮೊಸರಿನ ಪಾನೀಯವನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಹೊತ್ತು, 32 ಡಿಗ್ರಿ ದಾಟಿದ ದಿನಗಳಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊತ್ತು ಇಡಬೇಡಿ. ಹುಳಿ ಪಾನೀಯಗಳಿಗೆ ಗಾಜು ಅಥವಾ ಸ್ಟೀಲ್ ಪಾತ್ರೆಯೇ ಸರಿ. ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆ ಪಾತ್ರೆಗಳಲ್ಲಿಟ್ಟರೆ ಲೋಹ ಹುಳಿಯಲ್ಲಿ ಕರಗಿ ವಾಂತಿ, ಹೊಟ್ಟೆನೋವಿಗೆ ಕಾರಣವಾಗಬಹುದು.

ಕೊನೆಯದಾಗಿ ಉಪ್ಪು. ರುಚಿಗೆಂದು ಹಾಕುವ ಚಿಟಿಕೆಯ ಮಾತು ಬೇರೆ. ಬೆವರಿನಲ್ಲಿ ಉಪ್ಪು ಹೋಗುತ್ತದೆ ಎಂಬುದು ನಿಜವಾದರೂ ದಿನದ ಊಟ ಸರಿಯಾಗಿ ಸೇರುತ್ತಿರುವವರಿಗೆ ಆ ನಷ್ಟವನ್ನು ಊಟವೇ ತುಂಬಿಕೊಡುತ್ತದೆ. ಗಂಟೆಗಟ್ಟಲೆ ಬಿಸಿಲಿನಲ್ಲಿ ಮೈಮುರಿದು ದುಡಿಯುವವರಿಗೆ ಮಾತ್ರ ಪಾನೀಯದಲ್ಲಿಯೂ ಸ್ವಲ್ಪ ಉಪ್ಪು ಬೇಕಾಗಬಹುದು. ರಕ್ತದೊತ್ತಡ, ಮೂತ್ರಪಿಂಡ ಅಥವಾ ಹೃದಯದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಉಪ್ಪು ಹೆಚ್ಚಿಸಿಕೊಳ್ಳಬಾರದು. ವಾಂತಿಭೇದಿಯಾದಾಗ ಕೊಡುವ ಓಆರ್‌ಎಸ್ ದ್ರಾವಣವನ್ನು ಬೇಸಿಗೆಯ ತಂಪು ಪಾನೀಯವೆಂದು ದಿನವೂ ಕುಡಿಯುವುದೂ ಸರಿಯಲ್ಲ, ಭೇದಿಯಾದವರಿಗೆ ಓಆರ್‌ಎಸ್ ಬದಲು ನಿಂಬೆ ಶರಬತ್ತು ಕೊಡುವುದೂ ಸರಿಯಲ್ಲ. ಪೊಟ್ಟಣ ಸಿಗದ ತುರ್ತಿನಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಅಂಚಿಗೆ ಸಮವಾಗಿ ಅಳೆದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಕೊಡಬಹುದು. ಉಪ್ಪು ಈ ಅಳತೆಯನ್ನು ಮೀರಿದರೆ, ಮುಖ್ಯವಾಗಿ ಚಿಕ್ಕ ಮಕ್ಕಳಿಗೆ, ಅಪಾಯ. ಬಿಸಿಲಿನಿಂದ ಬಂದವರು ತೊದಲುತ್ತಿದ್ದರೆ, ಗೊಂದಲಕ್ಕೊಳಗಾಗಿದ್ದರೆ ಅಥವಾ ಮೈ ಕಾದು ಪ್ರಜ್ಞೆ ತಪ್ಪುವಂತಿದ್ದರೆ ಬಾಯಿಗೆ ಏನನ್ನೂ ಬಲವಂತವಾಗಿ ಹಾಕದೆ, ನೆರಳಿಗೆ ತಂದು ಮೈಗೆ ತಣ್ಣೀರು ಹಾಕಿ ಗಾಳಿ ಬೀಸುತ್ತ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.